ಹನ್ನೊಂದೂ ಕಾಲಿನ ನೀರು

ಕೋಲಾರ
೧೨-೨-೧೯೮೪

ವಕ್ಕಲೇರಿ ರಸ್ತೆಯ ಮಹಾರಾಣಿ ಶ್ರೀಮತಿ ಶಾಮಲಮ್ಮನವರ ಸಮ್ಮುಖಕ್ಕೆ,

ಹದಿನೈದು ವರ್ಷದ ಮೇಲೆ ಅಕ್ಕ ಕಾಗದ ಬರೆದಿದ್ದಾಳೆಂದು ಕಣ್ಣಿಗೊತ್ತಿಕೊಳ್ಳಬೇಡ. ಇದು ಜಗಳದ ಕಾಗದ. ಕ್ಷೇಮಸಮಾಚಾರ ಬರೆಯುವ ಜಾಗದಲ್ಲಿ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಮೊನ್ನೆ ಶುಕ್ರವಾರ ಹನ್ನೊಂದೂ ಕಾಲಿಗೆ ನಿನ್ನ ಗೇಟಿನ ಮುಂದೆ ನಾನು ಕಂಡದ್ದೇನು?

ನೀನು ಉತ್ತರ ಹುಡುಕಿಕೊಳ್ಳುವಷ್ಟರಲ್ಲಿ ನನ್ನ ಕಡೆಯ ಕಥೆ ಹೇಳುತ್ತೇನೆ. ಅಪ್ಪನಿಗೆ ಮರೆವು ಬಂದು ಎರಡು ವರ್ಷವಾಯಿತು. ನಿಮ್ಮ ಭಾವನನ್ನು ‘ಇನ್ಸ್‌ಪೆಕ್ಟರ್ ಸಾಹೇಬ್ರೆ’ ಎಂದು ಕರೆಯುತ್ತಾರೆ. ನನ್ನನ್ನು ಬೆಳಿಗ್ಗೆ ಒಬ್ಬಳು, ಸಾಯಂಕಾಲ ಇನ್ನೊಬ್ಬಳು ಅಂದುಕೊಳ್ಳುತ್ತಾರೆ. ಬೆಳಗಿನವಳು ಸ್ವಲ್ಪ ಒಳ್ಳೆಯವಳಂತೆ. ಅದನ್ನೆಲ್ಲ ಸಹಿಸಿಕೊಂಡೆ. ಆದರೆ ದಿನಾ ಹನ್ನೊಂದೂ ಕಾಲಿಗೆ, ಗಡಿಯಾರ ನೋಡದೆ, ಎದ್ದು ಬಚ್ಚಲಿನ ಬಿಂದಿಗೆ ಎತ್ತಿಕೊಂಡು ಬೀದಿಗೆ ನಡೆಯುತ್ತಾರೆ. ಎದುರು ಮನೆಯ ಜಗಲಿಯ ಮೇಲೆ ಕೂತು ಅಂಗೈ ಚಾಚುತ್ತಾರೆ. ಜನ ನೋಡಿ ಏನಂದಾರು? ಮಗಳು ನೀರು ಕೂಡ ಕೊಡೋಲ್ಲ ಅನ್ನೋದಿಲ್ಲವೇ? ಅದಕ್ಕೇ ಮನೆಯ ಬಿಂದಿಗೆಗಳನ್ನೆಲ್ಲ ಅಟ್ಟ ಹತ್ತಿಸಿದ್ದೇನೆ.

ಶುಕ್ರವಾರ ಮಾಲೂರಿನಲ್ಲಿ ನಿಮ್ಮ ಭಾವನ ತಂಗಿಯ ಗೃಹಪ್ರವೇಶ. ಮನೆಯಲ್ಲಿ ಒಬ್ಬರನ್ನೇ ಬಿಡಲಾಗದೆ ಅಪ್ಪನನ್ನೂ ಬಸ್ಸಿಗೆ ಹತ್ತಿಸಿಕೊಂಡೆ. ತಾವು ಮೂವತ್ತು ವರ್ಷ ಕಂಡಕ್ಟರಾಗಿ ದುಡಿದ ಅದೇ ಹತ್ತೂವರೆ ಬಸ್ಸು. ಸುಮ್ಮನೆ ಕೂತಿದ್ದರು. ವಕ್ಕಲೇರಿ ದಾಟಿ ಏರು ಹತ್ತುತ್ತಿದ್ದ ಹಾಗೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರು ನೋಡು! ಡ್ರೈವರು ಗಕ್ಕನೆ ನಿಲ್ಲಿಸಿದ. ಉಡುಗೊರೆ ಕೊಡಲೆಂದು ನಾನು ತೊಡೆಯ ಮೇಲಿಟ್ಟುಕೊಂಡಿದ್ದ ಹೊಸ ಹಿತ್ತಾಳೆ ಬಿಂದಿಗೆ ಕಿತ್ತುಕೊಂಡು ಇಳಿದೇಬಿಟ್ಟರು. ನಾನು ಬೊಬ್ಬೆ ಹಾಕಿದರೆ ಪಕ್ಕದ ಸೊಪ್ಪಿನ ಬುಟ್ಟಿಯ ಅಜ್ಜಿ ನಕ್ಕಿತು.

“ಹೋಗ್ಲಿ ಬುಡಮ್ಮಾ, ಬತ್ತಾರೆ. ಆಂಜಿನಪ್ಪೋರ್ ಗಾಡಿಗೆ ಇಲ್ಲೇ ಅಲ್ವಾ ದಾಹ ಆಗೋದು. ನೀನ್ಯಾರು, ದೊಡ್ ಮಗಳಾ? ನಿಂಗೊತ್ತಿಲ್ವಾ?”

ನನಗೆ ಗೊತ್ತಿರಲಿಲ್ಲ ಶಾಮಲ. ಹಿಂದೆಯೇ ಓಡಿದೆ. ನಿನ್ನ ಹಲಗೆ ಗೇಟಿನ ತೂತಿನೊಳಗೆ ಅಪ್ಪ ನೋಡದೆಯೇ ಕೈ ತೂರಿಸಿದರು. ಒಳಗೆ ಏನೋ ಎತ್ತಿ, ಏನೋ ತಳ್ಳಿ, ಚಿಲಕ ತೆಗೆದರು. ಪಂಚೆಯ ಗಂಟು ಕಟ್ಟಿಕೊಳ್ಳಲು ಬಾರದ ಕೈ ಅದು. ನಾಯಿ ಬೊಗಳಲಿಲ್ಲ. ತೊಟ್ಟಿಯ ಹತ್ತಿರ ಕಾಲು ತೊಳೆದು, ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತು ಅಂಗೈ ಚಾಚಿದರು. ನೀನು ಒಳಗಿಂದ ಚೊಂಬು ಹಿಡಿದು ಬಂದೆ. ಗಾಬರಿಯಾಗಲಿಲ್ಲ, ಆಶ್ಚರ್ಯವಾಗಲಿಲ್ಲ. “ಎರಡು ವರ್ಸ ಎಲ್ಲೋಗಿದ್ದಪ್ಪಾ?” ಅಂದೆ.

ಆಮೇಲೆ ನನ್ನನ್ನು ನೋಡಿದೆ. ನಾನು ಅಪ್ಪನ ರಟ್ಟೆ ಹಿಡಿದು ಬಸ್ಸಿಗೆ ಎಳೆದುಕೊಂಡು ಬಂದೆ.

‘ಅವಳ ಮನೆಯ ನೀರು ಕುಡಿದವರು ನನ್ನ ಹೊಸಿಲು ತುಳಿಯಕೂಡದು.’ ನೀನು ಜಾತಿಯಲ್ಲದ ಕದಿರೇಶನನ್ನು ಕಟ್ಟಿಕೊಂಡ ದಿನ ಅಪ್ಪ ಹೊರಡಿಸಿದ ರಾಜಾಜ್ಞೆ ಇದು. ನಾನು ಪಾಲಿಸಿದೆ. ನಿನ್ನ ಕಾಗದಗಳನ್ನು ಒಡೆಯದೆ ವಾಪಸ್ಸು ಕಳಿಸಿದೆ. ಅಮ್ಮ ಹೋದ ದಿನ ನೀನು ಓಡಿ ಬಂದಾಗ ಬಾಗಿಲಿಗೆ ಅಡ್ಡ ಕೈಯಿಟ್ಟು ನಿಲ್ಲಿಸಿದೆ. ಹೆಣದ ತಲೆಯ ಹತ್ತಿರ ಕೂತ ಅಪ್ಪ ಕಣ್ಣಿನಲ್ಲೇ ‘ಬೇಡ’ ಅಂದರು, ಅದಕ್ಕೆ. ಆ ಮನುಷ್ಯ ದಿನಾ ನಿನ್ನ ಮನೆಯಲ್ಲಿ ನೀರು ಕುಡಿಯುತ್ತಿದ್ದರೆ?

ಯಾವತ್ತಿನಿಂದ? ಉತ್ತರ ಬರೆ. ಬರೆಯದೆ ಇದ್ದರೆ ಅಲ್ಲಿಗೇ ಬಂದು ಕೇಳುತ್ತೇನೆ. ಬಂದರೆ ಬೀದಿಯಲ್ಲೇ ನಿಂತು ಕೇಳುತ್ತೇನೆ.

ನಿನ್ನ ಅಕ್ಕ ಎಂದು ಸರ್ಕಾರಿ ದಾಖಲೆಯಲ್ಲಿರುವ,
ವೆಂಕಟರತ್ನಮ್ಮ


ವಕ್ಕಲೇರಿ
೨೦-೨-೧೯೮೪

ಕೋಲಾರದ ಕೋಟೆ ಬಾಗಿಲ ದಳವಾಯಿ, ರತ್ನಕ್ಕನವರಿಗೆ,

ಕಾಗದ ಬಂತು. ನೀನು ಬೀದಿಯಲ್ಲಿ ನಿಂತು ಕೇಳುವ ಕಷ್ಟ ತಗೋಬೇಡ, ಕಾಗದದಲ್ಲೇ ಸಾಕಷ್ಟು ಜೋರಾಗಿ ಕೇಳಿಸಿತು.

ಯಾವತ್ತಿನಿಂದ ಅಂದರೆ, ಮದುವೆಯಾದ ಮುಂದಿನ ತಿಂಗಳಿನಿಂದ. ಅರವತ್ತೊಂಬತ್ತನೇ ಇಸವಿ. ಮೊದಲ ದಿನ ಇಂಜಿನ್ ನಿಜವಾಗಿಯೂ ಕಾದಿತ್ತು. ಅಪ್ಪ ನೀರಿನ ಡಬ್ಬ ಹಿಡಿದು ಹತ್ತಿರದ ಮನೆಗೆ ಬಂದರು. ಯಾರ ಮನೆಯೆಂದು ಗೊತ್ತಿರಲಿಲ್ಲ. ಬಾಗಿಲು ತೆಗೆದವಳು ನಾನು. ಇಬ್ಬರೂ ನಿಂತೆವು. ಅಪ್ಪ ನನ್ನ ಮುಖ ಬಿಟ್ಟು ಡಬ್ಬ ನೋಡಿಕೊಂಡು “ಇಂಜಿನ್‌ಗೆ ನೀರು” ಅಂದರು. ತುಂಬಿ ಕೊಟ್ಟೆ. ಮಾರನೆಯ ದಿನವೂ ಇಂಜಿನ್ ಕಾಯಿತು. ಅದರ ಮಾರನೆಯ ದಿನವೂ. ಮಾಗಿಯ ಚಳಿಯಲ್ಲಿ ಪ್ಯಾಸೆಂಜರುಗಳು ಕಿವಿಗೆ ಟವಲ್ ಸುತ್ತಿಕೊಂಡು ನಡುಗುತ್ತಿದ್ದರೂ ಇಂಜಿನ್ ಮಾತ್ರ ನಮ್ಮ ಮನೆಯ ಮುಂದೆ ತಪ್ಪದೆ ಕಾಯುತ್ತಿತ್ತು. ಡ್ರೈವರು ಮೂರು ಜನ ಬದಲಾದರು. ಒಬ್ಬರೂ ಬಾಯಿ ಬಿಡಲಿಲ್ಲ.

ಎರಡು ವರ್ಷ ಆ ಒಂದು ಮಾತು ಬಿಟ್ಟರೆ ಬೇರೆ ಮಾತಿಲ್ಲ. ಮೂರನೇ ವರ್ಷ ಬೇಸಿಗೆಯಲ್ಲಿ ಒಂದು ದಿನ ಕಲ್ಲಿನ ಮೇಲೆ ಕೂತು ತಾವೂ ಅಂಗೈ ಚಾಚಿದರು. ಆ ಅಂಗೈಗೆ ನೀರು ಹೊಯ್ಯುವಾಗ ನನಗೆ ಏನಾಯಿತೆಂದು ನಿನಗೆ ಹೇಳುವುದಿಲ್ಲ. ನಿನಗೆ ಹೇಳಿಕೊಳ್ಳುವಂಥ ನೆಂಟಸ್ತಿಕೆ ನಮ್ಮದಲ್ಲ. “ಯಾರಿಗೂ ಹೇಳ್ಬೇಡ. ಹೇಳಿದ್ರೆ ಇಂಜಿನ್ ಕಾಯಲ್ಲ” ಅಂದರು. ನಾನು ಹೇಳಲಿಲ್ಲ.

ಈಗ ನನ್ನ ಸರದಿ. ಎಂಬತ್ತೆರಡರಲ್ಲಿ ಅಪ್ಪ ಬರುವುದು ನಿಂತಾಗ ಮೂರು ಕಾಗದ ಹಾಕಿದೆ. ಮೂರೂ ವಾಪಸ್ಸು. ಸತ್ತರೋ ಇದ್ದರೋ ತಿಳಿಯದೆ ದಿನಾ ಹನ್ನೊಂದೂ ಕಾಲಿಗೆ ಚೊಂಬು ತುಂಬಿ ಇಟ್ಟೆ. ಅಮ್ಮನ ಮುಖವನ್ನೂ ನೋಡಗೊಡಲಿಲ್ಲ ನೀನು. ಅಪ್ಪನ ಕಣ್ಣು ಹೇಳಿತಂತೆ! ಕಣ್ಣು ಹೇಳಿದರೂ ಕೈ ಯಾರದು ಅಕ್ಕ?

ಇನ್ನೊಂದು ಮಾತು. ಅಮ್ಮನ ತಿಥಿ ಮುಗಿಸಿ ಡ್ಯೂಟಿಗೆ ಬಂದ ದಿನ ಅಪ್ಪ ಗೇಟು ತೆಗೆಯಲಿಲ್ಲ. ಆಚೆಯೇ ನಿಂತು ಡಬ್ಬ ಕೊಟ್ಟು, ಆಚೆಯೇ ನಿಂತು ಈಸಿಕೊಂಡರು. ನಾನು ಎಷ್ಟು ಕರೆದರೂ ಒಳಗೆ ಬರಲಿಲ್ಲ. ಒಂದು ತಿಂಗಳು ಹಾಗೇ.

ಅಪ್ಪನನ್ನು ಇಲ್ಲಿಗೆ ಕಳಿಸು. ಬಿಂದಿಗೆಗಳನ್ನು ಅಟ್ಟ ಹತ್ತಿಸುವ ಮನೆಯಲ್ಲಿ ಅವರಿಗೇನು ಕೆಲಸ?

ಶಾಮಲ


ಕೋಲಾರ
೨೬-೨-೧೯೮೪

ಶಾಮಲ,

ಕಳಿಸುವುದಿಲ್ಲ.

ಮೀಸೆ ತಿರುವಿಕೊಂಡು, ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು, ಜೋರಾಗಿ ನಗುತ್ತಿದ್ದ ಅಪ್ಪ ನಿನ್ನ ಪಾಲಿಗೆ. ಅನ್ನ ಬಾಯಿಗಿಟ್ಟರೆ ನುಂಗುವುದಾ ಉಗುಳುವುದಾ ಎಂದು ಯೋಚಿಸುವ ಅಪ್ಪ ನನ್ನ ಪಾಲಿಗೆ. ಈಗ ಇವರೂ ಬೇಕೆ ನಿನಗೆ? ಬಸ್ಸಿನ ಡ್ರೈವರಿಗೆ ಗೊತ್ತು, ಸೊಪ್ಪಿನಜ್ಜಿಗೆ ಗೊತ್ತು, ಮಾಲೂರಿಗೆ ಹೆಂಚು ಕೊಳ್ಳಲು ಹೋಗುವವರಿಗೆಲ್ಲ ಗೊತ್ತು, ನಿನ್ನ ನಾಯಿಗೂ ಗೊತ್ತು. ಮನೆಯಲ್ಲಿ ಅನ್ನ ಬಡಿಸುವವಳಿಗೆ ಗೊತ್ತಿಲ್ಲ.

ನಿನ್ನೆ ಅಪ್ಪನ ಎದುರು ಕೂತು ಕೇಳಿಯೇಬಿಟ್ಟೆ. “ಅಪ್ಪಾ, ನನ್ ಕೈಲಿ ಬಾಗಿಲು ಕಾಯಿಸಿ ನೀವ್ ಹಿಂಬಾಗಿಲಲ್ಲಿ ಹೋದ್ರಲ್ಲ, ಸರೀನಾ ಇದು?” ಅಂದೆ. ಬಹಳ ಗಂಭೀರವಾಗಿ ಕೇಳಿಸಿಕೊಂಡು, “ಕಂಪ್ಲೇಂಟ್ ಇದ್ರೆ ಆಫೀಸ್ನಲ್ಲಿ ಬರ್ದ್ ಕೊಡಮ್ಮಾ, ನನ್ ಕೈಲೇನಿಲ್ಲ” ಅಂದರು. ಯಾರ ಜೊತೆ ಜಗಳ ಆಡಲಿ ಹೇಳು? ಆರೋಪಿ ನನ್ನ ಮುಂದೆಯೇ ಕೂತು ಗಂಜಿ ಕುಡಿಯುತ್ತಿದ್ದಾನೆ, ಆದರೆ ಊರಲ್ಲಿಲ್ಲ. ಅದಕ್ಕೇ ಎಲ್ಲ ನಿನಗೆ ಬರೆಯುತ್ತಿದ್ದೇನೆ.

ನನ್ನದು ಹೋಗಲಿ. ಅಮ್ಮ ನಿನ್ನ ಹೆಸರು ಎತ್ತದೆ, ಒಂಬತ್ತು ವರ್ಷ ನುಂಗಿಕೊಂಡು ಸತ್ತಳಲ್ಲ. ಅವಳಿಗೂ ಒಂದು ಮಾತು ಹೇಳಲಿಲ್ಲ ನೀವಿಬ್ಬರು. ಅದೊಂದನ್ನು ಮಾತ್ರ ನಾನು ಮಣ್ಣಿಗೆ ಹೋಗುವವರೆಗೂ ಕ್ಷಮಿಸುವುದಿಲ್ಲ.

ರತ್ನ


ವಕ್ಕಲೇರಿ
೧೮-೩-೧೯೮೪

ಅಕ್ಕ,

ಇದನ್ನು ಬರೆಯಬಾರದು ಎಂದು ಮೂರು ವಾರ ಸುಮ್ಮನಿದ್ದೆ. ಆದರೆ ಅಮ್ಮನನ್ನು ಮೋಸ ಹೋದವಳ ಹಾಗೆ ನಿಲ್ಲಿಸಿದ್ದೀಯ, ಅದನ್ನು ತಡೆಯಲಾರೆ.

ಅಪ್ಪನ ಟಿಫನ್ ಕ್ಯಾರಿಯರ್ ನೆನಪಿದೆಯಾ? ಮೇಲಿನ ಪುಟ್ಟ ಡಬ್ಬಿಯಲ್ಲಿ ಏನಿರುತ್ತಿತ್ತು? ಹೇರಳೆಕಾಯಿ ಉಪ್ಪಿನಕಾಯಿ. ಅಪ್ಪನಿಗೆ ಹುಳಿ ಅಂದರೆ ಹಲ್ಲು ಚುಳ್ ಅನ್ನುತ್ತೆ, ಮಜ್ಜಿಗೆ ಒಂದು ದಿನ ಹಳೆಯದಾದರೂ ತಟ್ಟೆ ಸರಿಸಿ ಏಳುವ ಮನುಷ್ಯ. ನಮ್ಮ ಮನೆಯಲ್ಲಿ ಹೇರಳೆಕಾಯಿಗೆ ಪ್ರಾಣ ಬಿಡುತ್ತಿದ್ದವಳು ನಾನೊಬ್ಬಳೇ. ಅಮ್ಮ ಆ ಡಬ್ಬಿ ದಿನಾ ತುಂಬುತ್ತಿದ್ದಳು. ಅಪ್ಪ ದಿನಾ ಈ ಕಲ್ಲಿನ ಮೇಲೆ ಇಟ್ಟು ಹೋಗುತ್ತಿದ್ದರು. ಮಾರನೆಯ ದಿನ ನಾನು ತೊಳೆದು ಕೊಡುತ್ತಿದ್ದೆ. ಒಂದು ಸಲ “ಅಮ್ಮಂಗೆ ಗೊತ್ತಾ ಅಪ್ಪಾ?” ಅಂದೆ. “ನೀರ್ ಕೊಡು, ಬಸ್ ಹೊರಡ್ಬೇಕು” ಅಂದರು. ಅವರಿಬ್ಬರೂ ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ. ಡಬ್ಬಿ ಬರುತ್ತಿತ್ತು.

ಮನೆಯ ಪಾತ್ರೆ ತೊಳೆಯುತ್ತಿದ್ದವಳು ನೀನು. ಬೇರೆ ಡಬ್ಬಿಗಳೆಲ್ಲ ಎಂಜಲಾಗಿ ಬಂದರೆ ಇದೊಂದು ಫಳಫಳ ಹೊಳೆಯುತ್ತ ಬರುತ್ತಿತ್ತಲ್ಲ, ಯಾಕೆ ಅಂತ ಯಾವತ್ತೂ ಅನ್ನಿಸಲಿಲ್ಲವಾ ನಿನಗೆ?

ಶಾಮಲ


ಕೋಲಾರ
೩೦-೫-೧೯೮೪

ಶಾಮಲ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಸಿಟ್ಟು ಬರೆಯಲು ಬಿಡಲಿಲ್ಲ. ಹಾಳೆ ತೆಗೆದರೆ ಪೆನ್ನಿನ ಮೊನೆ ಹಾಳೆಯನ್ನೇ ಸೀಳುತ್ತಿತ್ತು.

ನೀನು ಬರೆದದ್ದನ್ನು ನಂಬಲಿಲ್ಲ. ಪರೀಕ್ಷೆ ಮಾಡಿದೆ. ಎದುರು ಮನೆಯಿಂದ ಹೇರಳೆಕಾಯಿ ಉಪ್ಪಿನಕಾಯಿ ತಂದು ಅಪ್ಪನ ತಟ್ಟೆಗೆ ಬಡಿಸಿ, ಹಳೆಯ ಕ್ಯಾರಿಯರ್ ಅಟ್ಟದಿಂದ ಇಳಿಸಿ ಪಕ್ಕದಲ್ಲಿಟ್ಟೆ. ಅಪ್ಪ ಹೋಳು ಬಾಯಿಗಿಡಲಿಲ್ಲ. ಒಂದೊಂದಾಗಿ ಎತ್ತಿ ಪುಟ್ಟ ಡಬ್ಬಿಗೆ ಹಾಕಿದರು. ಮುಚ್ಚಳ ಒತ್ತಿದರು, ಸೋರುತ್ತದೆಯಾ ಎಂದು ಅಲ್ಲಾಡಿಸಿ ನೋಡಿದರು, ಬೆರಳು ಪಂಚೆಗೆ ಒರೆಸಿಕೊಂಡರು. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ನನ್ನ ಮುಖ ನೋಡಿ “ಯಾವೂರಮ್ಮಾ?” ಅಂದರು.

ಕೋಲಾರದ ಡಾಕ್ಟರನ್ನು ಕೇಳಿದೆ. ಹೆಸರು, ಮುಖ, ವರ್ಷ ಎಲ್ಲ ಮೊದಲು ಹೋಗುತ್ತವಂತೆ, ಕೈಕಾಲಿಗೆ ಹತ್ತಿದ ರೂಢಿ ಕೊನೆಗೆ ಹೋಗುವುದಂತೆ. “ಅದೂ ಹೋಗುತ್ತಾ ಡಾಕ್ಟ್ರೇ?” ಅಂದೆ. “ಹೋಗುತ್ತಮ್ಮ” ಅಂದರು.

ಹಾಗಾದರೆ ನಮ್ಮ ಮನೆಯ ಪಟ್ಟಿ ಹೀಗಾಯಿತು. ಅಪ್ಪನಿಗೆ ಗೊತ್ತು, ಅಮ್ಮನಿಗೆ ಗೊತ್ತು, ನಿನಗೆ ಗೊತ್ತು. ಎಲ್ಲರೂ ಹಿತ್ತಲಲ್ಲಿ ಓಡಾಡಿಕೊಂಡಿದ್ದಾರೆ, ನಾನೊಬ್ಬಳು ಮುಂಬಾಗಿಲಲ್ಲಿ ದೊಣ್ಣೆ ಹಿಡಿದು ಕಾವಲು. ಸಂಬಳವಿಲ್ಲ, ರಜೆಯಿಲ್ಲ, ‘ರತ್ನ ಮಾತು ಮೀರೋದಿಲ್ಲ’ ಎಂಬ ಬಿರುದು ಬೇರೆ! ಒಬ್ಬರಾದರೂ ಬಂದು ‘ಸಾಕು ಬಿಡೇ, ದೊಣ್ಣೆ ಇಳಿಸು’ ಅನ್ನಬಾರದಿತ್ತೇ? ಅಮ್ಮನಾದರೂ? ನಾನು ಹೇಳಿಬಿಡುತ್ತೇನೆಂದು ಹೆದರಿದಳೇ? ನಾನು ಅಷ್ಟು ಕೆಟ್ಟವಳಾಗಿದ್ದೆನೇ ಶಾಮಲ? ಈ ಪ್ರಶ್ನೆಗೆ ಉತ್ತರ ಬರೆಯಬೇಡ.

ನಿನ್ನೆ ನಡೆದದ್ದಕ್ಕೆ ಈ ಕಾಗದ. ಹನ್ನೊಂದೂ ಕಾಲಿಗೆ ಅಪ್ಪ ಕ್ಯಾರಿಯರ್ ಡಬ್ಬಿಯನ್ನೇ ಬಿಂದಿಗೆ ಮಾಡಿಕೊಂಡು ಹೊರಟರು. ನನಗೆ ಎಲ್ಲಿತ್ತೋ ರೋಷ. ಬಾಗಿಲಿಗೆ ಅಡ್ಡ ಕೈಯಿಟ್ಟು “ಎಲ್ಲಿಗೂ ಹೋಗಂಗಿಲ್ಲ!” ಅಂತ ಕೂಗಿದೆ. ಅಪ್ಪ ನನ್ನ ಮುಖ ನೋಡಲಿಲ್ಲ. ಕೈ ನೋಡಿದರು. ಡಬ್ಬಿ ಕೆಳಗೆ ಬಿತ್ತು. ಹೊಸಿಲ ಮೇಲೆ ಕುಸಿದು ಅಳತೊಡಗಿದರು. ಅಪ್ಪ ಅತ್ತದ್ದು ನಾನು ನೋಡಿಲ್ಲ, ಅಮ್ಮ ಸತ್ತಾಗಲೂ ಅಳಲಿಲ್ಲ ಆತ.

“ಬುಡಮ್ಮಾ… ಕೈ ತೆಗಿಯಮ್ಮಾ… ಮಗು ಬಂದದೆ, ಒಳಕ್ ಬುಡು…”

“ಯಾವ ಮಗು ಅಪ್ಪಾ?”

“ಗೊತ್ತಿಲ್ಲ ಕಣಮ್ಮಾ.”

“ಯಾರು ಬೇಡ ಅಂದಿದ್ದು?”

ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು. “ಅದೂ ಗೊತ್ತಿಲ್ಲ” ಅಂದರು. ಆದರೂ ಅಳು ನಿಲ್ಲಲಿಲ್ಲ. ಯಾತಕ್ಕೆ ಅಳುತ್ತಿದ್ದೇನೆಂದು ತಿಳಿಯದೆ ಅಳುವ ಮುದುಕನ ಮುಂದೆ, ಅದು ಯಾತಕ್ಕೆಂದು ತಿಳಿದ ನಾನೊಬ್ಬಳೇ ಕೂತಿದ್ದೆ. ಆ ಕಣ್ಣು ಅವತ್ತು ಹೇಳಿದ್ದು ‘ಬೇಡ’ ಅಂತಲೋ ‘ಬಿಡು’ ಅಂತಲೋ, ಐದು ವರ್ಷದ ಮೇಲೆ ಮೊದಲ ಸಲ ನನಗೆ ಅನುಮಾನ ಬಂದಿದೆ. ಇನ್ನು ಯಾರನ್ನು ಕೇಳಲಿ?

ಬಿಂದಿಗೆಗಳನ್ನು ಅಟ್ಟದಿಂದ ಇಳಿಸಿದೆ.

ರತ್ನ


ವಕ್ಕಲೇರಿ
೬-೬-೧೯೮೪

ಅಕ್ಕ,

ಬರೆಯಬೇಡ ಅಂದ ಉತ್ತರ ಬರೆದಿಲ್ಲ.

ಅಪ್ಪನನ್ನು ಬಿಟ್ಟುಬಿಡು ಎಂದು ಇನ್ನು ಕೇಳುವುದಿಲ್ಲ. ನಿನ್ನ ಮನೆಯಲ್ಲೇ ಇರಲಿ. ಹತ್ತೂವರೆ ಬಸ್ಸಿಗೆ ಹತ್ತಿಸು, ಹನ್ನೊಂದೂ ಕಾಲಿಗೆ ಇಳಿಯಲಿ, ಮಾಲೂರಿಂದ ವಾಪಸ್ಸು ಬರುವ ಗಾಡಿಗೆ ನಾನೇ ಹತ್ತಿಸುತ್ತೇನೆ. ಒಬ್ಬರನ್ನೇ ಕಳಿಸಲು ಭಯವಾದರೆ ಜೊತೆಗೆ ಯಾರಾದರೂ ಬರಲಿ. ಯಾರು ಬಂದರೂ ನನ್ನ ಆಕ್ಷೇಪಣೆ ಇಲ್ಲ. ಯಾರು ಬಂದರೂ ಎದ್ದು ಹೋಗಿ ಗೇಟು ತೆಗೆಯುತ್ತೇನೆ ಎಂಬ ಭರವಸೆಯೂ ಇಲ್ಲ.

ಶಾಮಲ


ಕೋಲಾರ
೨೨-೬-೧೯೮೪

ಕೊಟ್ಟ ಮಾತಿಗೆ ತಪ್ಪದ ಶಾಮಲಮ್ಮನವರಿಗೆ,

ತೆಗೆಯುವುದಿಲ್ಲ ಅಂದೆ, ತೆಗೆಯಲಿಲ್ಲ. ಭೇಷ್.

ನಿನ್ನೆಯ ಪ್ರಹಸನವನ್ನು ನೀನು ಜಗಲಿಯಿಂದ ನೋಡಿದೆ, ನಾನು ಬೀದಿಯಿಂದ ನೋಡಿದೆ. ನನ್ನ ಕಡೆಯದನ್ನೂ ಬರೆದಿಡುತ್ತೇನೆ. ಬಸ್ಸು ನಿಂತಾಗ ಸೊಪ್ಪಿನಜ್ಜಿ “ಇಳಿಯಮ್ಮಾ, ಗಾಡಿ ಹೋಗ್ಲಿ, ನಿಂದ್ ಐದ್ ನಿಮ್ಸದ್ ಮಾತಲ್ಲ” ಅಂತ ನನ್ನ ಬೆನ್ನಿಗೆ ಕೈಹಾಕಿ ಇಳಿಸಿಯೇಬಿಟ್ಟಿತು. ಅಪ್ಪ ಬಿಂದಿಗೆ ಹಿಡಿದು ನಿಧಾನವಾಗಿ ಬರುತ್ತಿದ್ದರು. ನಾನು ದೊಡ್ಡಸ್ತಿಕೆಯಿಂದ ಮುಂದೆ ಹೋಗಿ ಗೇಟಿನ ತೂತಿಗೆ ಕೈ ಹಾಕಿದೆ.

ಅದೇನು ಚಿಲಕವೇ, ಯಂತ್ರವೇ? ಎತ್ತಿದೆ, ಬರಲಿಲ್ಲ. ತಳ್ಳಿದೆ, ಬರಲಿಲ್ಲ. ಬಳೆ ಸಿಕ್ಕಿಕೊಂಡಿತು. ನೀನು ಕೈಕಟ್ಟಿ ನಿಂತಿದ್ದೆ. ನಿನ್ನ ಗಂಡ ಕದಿರೇಶ ಪಂಪ್‌ಸೆಟ್ಟಿನ ಹಿಂದಿನಿಂದ ತಲೆಯೆತ್ತಿ, “ಎಷ್ಟ್ ವರ್ಸದಿಂದ ಹೇಳ್ತಿದೀನಿ, ಹೊಸ ಚಿಲಕ ಹಾಕ್ತೀನಂತ, ಇವಳು ಬುಡಲ್ಲ” ಅಂದ. ಹದಿನೈದು ವರ್ಷದಲ್ಲಿ ಭಾವಮೈದುನ ನನ್ನ ಕಿವಿಗೆ ಹಾಕಿದ ಮೊದಲ ಮಾತು ಅದು. ನಾಯಿ ಬೊಗಳಿತು. ಹೌದಮ್ಮ, ನನಗೆ ಬೊಗಳಿತು.

ಬಿಸಿಲಲ್ಲಿ ನಿಂತಿದ್ದೆ. ಮುಚ್ಚಿದ ಬಾಗಿಲಿನ ಈಚೆಗೆ ನಿಂತರೆ ಕಾಲಿನ ಕೆಳಗಿನ ನೆಲ ಹೇಗಿರುತ್ತದೆಂದು ನಿನಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅದನ್ನು ತೋರಿಸಬೇಕೆಂದೇ ನೀನು ನಿಂತಿದ್ದೆ. ತೋರಿಸಿದೆ. ಅಲ್ಲಿಗೆ ನಾವು ಸಮಸಮ ಆದೆವೆಂದು ತಿಳಿಯಬೇಡ, ನನ್ನ ಲೆಕ್ಕ ಬೇರೆ ಇದೆ.

ಅಷ್ಟರಲ್ಲಿ ಅಪ್ಪ ಬಂದರು. ಬಿಂದಿಗೆ ಕೆಳಗಿಟ್ಟು, ನನ್ನ ಕೈಯನ್ನು ಹಾಗೇ ಹಿಡಿದುಕೊಂಡು, ತಮ್ಮ ಕೈಯನ್ನೂ ಅದರ ಜೊತೆಯಲ್ಲೇ ತೂರಿಸಿದರು. ಕಣ್ಣು ರಸ್ತೆಯ ಕಡೆ ಇತ್ತು. ನನ್ನ ಬೆರಳುಗಳ ಮೇಲೆ ಅವರ ಬೆರಳು ಕೂತು ಎತ್ತಿದವು, ಎಡಕ್ಕೆ ಸರಿಸಿದವು, ಮತ್ತೆ ಒಂದು ಚೂರು ಎತ್ತಿದವು. ಗೇಟು ತೆರೆಯಿತು. ಆ ಮನುಷ್ಯನಿಗೆ ನಾನು ಯಾರೋ ಗೊತ್ತಿಲ್ಲ, ನೀನು ಯಾರೋ ಗೊತ್ತಿಲ್ಲ, ತಾನು ಏನು ಮಾಡಿದೆನೆಂದೂ ಗೊತ್ತಿಲ್ಲ. “ಹೋಗಮ್ಮಾ ಒಳಕ್ಕೆ, ದಾರೀಲಿ ನಿಲ್ಬಾರ್ದು” ಅಂದರು, ಫುಟ್‌ಬೋರ್ಡಿನ ಮೇಲೆ ನಿಂತವರಿಗೆ ಹೇಳುವ ಹಾಗೆ.

ನೀನು ಚೊಂಬು ತಂದೆ. ಮೊದಲು ಅಪ್ಪನಿಗೆ ಹೊಯ್ದೆ. ಆಮೇಲೆ ಚೊಂಬು ಹಿಡಿದು ನನ್ನ ಮುಂದೆ ನಿಂತೆ. ನಾನು ಕುಡಿದೆ. ಬಿಸಿಲಿಗೆ ಬಾಯಾರಿಕೆಯಾಗಿತ್ತು, ಅಷ್ಟೆ. ಪುಟ್ಟ ಡಬ್ಬಿಯನ್ನು ಕಲ್ಲಿನ ಮೇಲೆ ಬಿಟ್ಟು ಬಂದಿದ್ದೇನೆ. ಅಮ್ಮನ ಕೈಯ ಹದ ಬಂದಿಲ್ಲ, ಉಪ್ಪು ಮುಂದಾಗಿದೆ. ಟೀಕೆ ಬೇಡ.

ಸಿಟ್ಟು ಇಳಿದಿಲ್ಲ. ಅಪ್ಪನ ಮೇಲೆ ಇದೆ, ಅಮ್ಮನ ಮೇಲೆ ಇದೆ, ನಿನ್ನ ಮೇಲೆ ಇದೆ, ಎಲ್ಲಕ್ಕಿಂತ ಹೆಚ್ಚು ನನ್ನ ಈ ಬಲಗೈಯ ಮೇಲೆ ಇದೆ. ಹಾಗಿದ್ದರೂ ಮುಂದಿನ ಗುರುವಾರ ಬರುತ್ತೇವೆ, ಅದರ ಮುಂದಿನ ಗುರುವಾರವೂ ಬರುತ್ತೇವೆ. ಅಪ್ಪನ ಕೈ ಮರೆಯುವ ದಿನ ಬರುವುದರೊಳಗೆ ನನ್ನ ಕೈ ಕಲಿಯಬೇಕು. ಎತ್ತಬೇಕು, ಎಡಕ್ಕೆ ಸರಿಸಬೇಕು, ಮತ್ತೆ ಚೂರು ಎತ್ತಬೇಕು. ಇಲ್ಲಿ ಅಡಿಗೆಮನೆ ಕಿಟಕಿಯ ಮೇಲೆ ಬೆಳಗಿನಿಂದ ಅಭ್ಯಾಸ ಮಾಡುತ್ತಿದ್ದೇನೆ. ನಿಮ್ಮ ಭಾವ ನನಗೂ ಶುರುವಾಯಿತೇನೋ ಎಂದು ನೋಡುತ್ತಿದ್ದಾರೆ.

ನೀನು ಹೋದ ಸಲದಂತೆ ಜಗಲಿಯ ಮೇಲೇ ನಿಂತಿರು, ಸಹಾಯಕ್ಕೆ ಬರಬೇಡ. ನಿನ್ನ ಗಂಡನಿಗೂ ಹೇಳು, ಆ ಚಿಲಕದ ತಂಟೆಗೆ ಹೋದರೆ ನನ್ನಷ್ಟು ಕೆಟ್ಟವಳು ಇನ್ನೊಬ್ಬಳಿಲ್ಲ ಅಂತ.

ನಿನ್ನ ಅಕ್ಕ,
ರತ್ನ